ಹಲಗೆ ನೆಲದ ಮಗು

ಶನಿವಾರದ ಮಕ್ಕಳ ಕೂಟ ಮುಗಿಯಲು ಇನ್ನು ಕಾಲು ಗಂಟೆಯಿತ್ತು. ಸಮುದಾಯ ಕೇಂದ್ರದ ದೊಡ್ಡ ಕೋಣೆಯಲ್ಲಿ ದಪ್ಪ ರಬ್ಬರಿನ ಚಾಪೆಗಳ ಮೇಲೆ ಹದಿನೇಳು ಮಕ್ಕಳು, ಹದಿನಾರು ತಾಯಂದಿರು ಮತ್ತು ಒಬ್ಬ ಅಜ್ಜ ಕುಳಿತಿದ್ದರು. ಮೂರು ವರ್ಷದೊಳಗಿನ ಮಕ್ಕಳನ್ನು ಹೇಗೆ ಆಡಿಸಬೇಕು, ಹೇಗೆ ಮಾತಾಡಿಸಬೇಕು, ಮಗು ಹಟ ಹಿಡಿದಾಗ ದೊಡ್ಡವರು ಹೇಗೆ ಹಟ ಹಿಡಿಯದಿರಬೇಕು ಎಂಬುದನ್ನು ಹೆತ್ತವರಿಗೆ ಆಡುತ್ತಾಡುತ್ತಲೇ ಹೇಳಿಕೊಡುವ ಕೂಟ ಅದು. ಹೇಳಿಕೊಡುವವಳು ಚೀಲದಮ್ಮ. ರಿಜಿಸ್ಟರಿನಲ್ಲಿ ಆಕೆಗೆ ಬೇರೆ ಹೆಸರಿತ್ತು. ಆದರೆ ಹತ್ತೊಂಬತ್ತು ವರ್ಷದಿಂದ ಹೆಗಲಿಗೆ ಆಟಿಕೆಯ ಚೀಲ ಹಾಕಿಕೊಂಡು ಮನೆಮನೆಯ ಮೆಟ್ಟಿಲು ಹತ್ತಿ ಇಳಿದವಳನ್ನು ಆ ಹೆಸರಿನಿಂದ ಕರೆಯುತ್ತಿದ್ದವರು ಆಕೆಯ ಗಂಡ ಒಬ್ಬರೇ. ಅವರು ಹೋಗಿ ಎಂಟೂವರೆ ತಿಂಗಳಾಗಿತ್ತು.

ಅಡುಗೆಕೋಣೆಯಿಂದ ಸ್ಟೀಲು ತಟ್ಟೆಗಳ ಅಟ್ಟಿ ತರುತ್ತಿದ್ದ ಹೆಂಗಸಿನ ಕೈ ಜಾರಿತು. ಬಾಗಿಲ ಬಳಿಯ ಸಿಮೆಂಟು ನೆಲದ ಮೇಲೆ ನಲವತ್ತು ತಟ್ಟೆಗಳು ಒಟ್ಟಿಗೆ ಬಿದ್ದವು. ಮಕ್ಕಳೆಲ್ಲ ಬೆಚ್ಚಿದವು. ಎರಡು ಮಕ್ಕಳು ಬಾಯಿ ತೆರೆದು ಅಳತೊಡಗಿದವು. ಗೋಡೆಗೊರಗಿ ತೂಕಡಿಸುತ್ತಿದ್ದ ಅಜ್ಜ "ಬಂದೆ, ಬಂದೆ" ಎನ್ನುತ್ತ ಎದ್ದು ಕುಳಿತ. ತಾಯಂದಿರು ಅವನನ್ನು ನೋಡಿ ನಕ್ಕರು.

ಬಡಗಿಯ ಮಗಳು ಗುಬ್ಬಿ ಮಾತ್ರ ಬಾಗಿಲಿಗೆ ಬೆನ್ನು ಹಾಕಿ ಕುಳಿತು ಕೋಲಿಗೆ ಮರದ ಬಳೆಗಳನ್ನು ಪೋಣಿಸುತ್ತಲೇ ಇದ್ದಳು. ಹದಿನೇಳು ತಿಂಗಳ ಕೂಸು. ಕಣ್ಣು ಮಿಟುಕಿಸಲಿಲ್ಲ, ಹೆಗಲು ಅಲುಗಲಿಲ್ಲ.

ಚೀಲದಮ್ಮ ಅದನ್ನು ನೋಡಿದಳು. ಆಕೆ ಚೀಲದಿಂದ ಗಿಲಕಿ ತೆಗೆದಳು. ಯಾರಿಗೂ ಗೊತ್ತಾಗದಂತೆ ಗುಬ್ಬಿಯ ಹಿಂದೆ ಹೋಗಿ ಕುಳಿತು, ಕಿವಿಯಿಂದ ಒಂದು ಗೇಣು ದೂರದಲ್ಲಿ ಅಲ್ಲಾಡಿಸಿದಳು. ಬಲಗಡೆ ಒಮ್ಮೆ, ಎಡಗಡೆ ಒಮ್ಮೆ, ಮತ್ತೆ ಬಲಗಡೆ. ಗುಬ್ಬಿ ಹಸಿರು ಬಳೆಯನ್ನು ತೆಗೆದು ಬಾಯಿಗಿಟ್ಟುಕೊಂಡಳು.

ಆಚೆ ಕುಳಿತಿದ್ದ ಗುಬ್ಬಿಯ ತಾಯಿ ತಿರುಗಿ ನೋಡಿ ನಕ್ಕಳು. "ಇವಳಿಗೆ ಬಳೆ ಸಿಕ್ಕಿದ್ರೆ ಲೋಕಾನೇ ಬೇಡ, ಅಕ್ಕ. ಅಪ್ಪನ ಹಾಗೇ. ಕೆಲಸಕ್ಕೆ ಕೂತ್ರೆ ಮುಗೀತು."

"ಹೌದಮ್ಮ" ಎಂದಳು ಚೀಲದಮ್ಮ. ಕಂಡದ್ದನ್ನು ಹೇಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಳ್ಳುವ ಹೊತ್ತಿಗೆ ಕೂಟ ಮುಗಿದು, ಬಾಗಿಲ ಬಳಿಯ ಚಪ್ಪಲಿಗಳೆಲ್ಲ ಖಾಲಿಯಾಗಿ, ಗುಬ್ಬಿಯನ್ನು ಸೊಂಟಕ್ಕೇರಿಸಿಕೊಂಡ ತಾಯಿ ಬೀದಿಯ ತಿರುವು ದಾಟಿ ಹೋಗಿಯಾಗಿತ್ತು.

ಕಿವಿ ಪರೀಕ್ಷೆಯ ವ್ಯಾನು ಸೋಮವಾರ ಬೆಳಿಗ್ಗೆ ಬರುವುದಿತ್ತು. ಈಗ ತಪ್ಪಿದರೆ ಮತ್ತೆ ಐದು ತಿಂಗಳು. ಮಕ್ಕಳ ಪಟ್ಟಿ ಈ ಶನಿವಾರವೇ ಸಂಜೆ ಆರಕ್ಕೆ ಹೋಗಬೇಕು. ಚೀಲದಮ್ಮ ಮೇಲ್ವಿಚಾರಕಿಯ ಕೋಣೆಯ ಕಪಾಟಿನಿಂದ ಗುಬ್ಬಿಯ ಕಡತ ತೆಗೆದಳು. ಅವಸರದಲ್ಲಿ ಮೊದಲು ಬೇರೆ ಮಗುವಿನದು ಬಂತು. ಅದನ್ನು ಒಳಗಿಟ್ಟು ಮತ್ತೆ ಹುಡುಕಿದಳು.

ಒಂಬತ್ತನೆಯ ತಿಂಗಳ ಹಾಳೆ. ಹನ್ನೆರಡು ಪ್ರಶ್ನೆಗಳು. ಏಳನೆಯದು: ಹಿಂದಿನಿಂದ ಸದ್ದು ಮಾಡಿದರೆ ಮಗು ತಿರುಗುತ್ತದೆಯೇ? ಎದುರಿಗೆ ಸರಿ ಎಂಬ ಗುರುತು, ಆಕೆಯದೇ ಕೈ. ಕೆಳಗೆ ತಾರೀಖು. ಗಂಡ ತೀರಿಕೊಂಡು ಹದಿನೈದು ದಿನವಾಗಿದ್ದ ದಿನ ಅದು. ಮನೆಯಲ್ಲಿ ಕುಳಿತರೆ ಗೋಡೆಗಳು ನುಂಗಲು ಬಂದಂತಾಗುತ್ತಿತ್ತು, ಅದಕ್ಕೇ ಕೆಲಸಕ್ಕೆ ಬಂದಿದ್ದಳು.

ಆ ದಿನವೆಲ್ಲ ಈಗ ಕಣ್ಣಿಗೆ ಕಟ್ಟಿತು. ಬಡಗಿಯ ಮನೆ ಅವನ ಕಾರ್ಖಾನೆಯ ಮೇಲಿನ ಅಟ್ಟ. ನೆಲವೆಲ್ಲ ಹಲಗೆ, ಅವನೇ ಕೂರಿಸಿದ್ದು. ಗಿಲಕಿಯ ಪರೀಕ್ಷೆಗೆ ಒಂದು ಕಟ್ಟುನಿಟ್ಟಿನ ಕ್ರಮವಿತ್ತು: ಮಗು ತಾಯಿಯ ಮಡಿಲಲ್ಲಿರಬೇಕು, ತಾಯಿಯ ಕಾಲಡಿ ದಪ್ಪ ಹಾಸಿಗೆಯಿರಬೇಕು, ಪರೀಕ್ಷೆ ಮಾಡುವವಳು ಮೊದಲೇ ಹಿಂದೆ ಹೋಗಿ ಅಲುಗಾಡದೆ ನಿಂತಿರಬೇಕು. ಹೊಸದಾಗಿ ಸೇರಿದ ಹುಡುಗಿಯರಿಗೆ ಇದನ್ನು ಹೇಳಿಕೊಟ್ಟವಳು ಚೀಲದಮ್ಮನೇ. "ಹಲಗೆ ನೆಲ ನಂಬಬೇಡಿ. ನೀವು ಹೆಜ್ಜೆ ಇಟ್ಟದ್ದು ಮಗುವಿನ ಕುಂಡಿಗೆ ಗೊತ್ತಾಗುತ್ತೆ" ಎಂದಾಗ ಅವರು ಮುಸಿಮುಸಿ ನಗುತ್ತಿದ್ದರು. ಆದರೆ ಆ ದಿನ ಗುಬ್ಬಿ ನೆಲದ ಮೇಲೆ ಕುಳಿತು ಆಡುತ್ತಿದ್ದಳು. ತಾಯಿ ಹೊಲಿಗೆ ಯಂತ್ರದ ಮುಂದಿದ್ದಳು. ಎಬ್ಬಿಸುವುದೇಕೆ ಎಂದು ಚೀಲದಮ್ಮ ನಾಲ್ಕು ಹೆಜ್ಜೆ ನಡೆದು ಹೋಗಿ, ಹಲಗೆಯ ಮೇಲೆ ಮೊಣಕಾಲೂರಿ ಗಿಲಕಿ ಆಡಿಸಿದ್ದಳು. ಗುಬ್ಬಿ ತಿರುಗಿ ನಕ್ಕಿದ್ದಳು. ಆ ನಗು ಎಷ್ಟು ಚೆನ್ನಾಗಿತ್ತೆಂದರೆ, ಹದಿನೈದು ದಿನಗಳಲ್ಲಿ ಮೊದಲ ಬಾರಿಗೆ ಆಕೆಯೂ ನಕ್ಕು, ಏಳನೆಯ ಪ್ರಶ್ನೆಗೆ ಸರಿ ಹಾಕಿದ್ದಳು.

ಮೇಲ್ವಿಚಾರಕಿ ವಯಸ್ಸಿನಲ್ಲಿ ಚಿಕ್ಕವಳು. ಒಂದು ಕಾಲಕ್ಕೆ ಚೀಲದಮ್ಮನ ಹಿಂದೆ ಚೀಲ ಹೊತ್ತು ಕಲಿತವಳು. ಚೀಲದಮ್ಮ ಹೇಳಿದ್ದನ್ನೆಲ್ಲ ಕೇಳಿ ಮುಗಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಪಟ್ಟಿ ತುಂಬಿದೆ ಅಕ್ಕ. ಇಪ್ಪತ್ತು ಮಕ್ಕಳು. ಮೊದಲು ಸರಿ ಅಂತ ಇದ್ದ ಮಗೂನ ಸೇರಿಸ್ಬೇಕಾದ್ರೆ ಕಾರಣ ಬರೀಬೇಕು."

"ಬರೀರಿ."

"ಏನಂತ? ಈಚೆಗೆ ಶೀತ ಆಗಿ ಕಿವಿ ಮಂದ ಆಗಿರಬಹುದು ಅಂತ ಬರೀತೀನಿ. ಹಾಗೆ ಆಗೋದೂ ಉಂಟು."

"ಆಗೋದುಂಟು. ಇಲ್ಲಿ ಆಗಿಲ್ಲ."

"ಹಾಗಾದ್ರೆ ನೀವಾಗ ದುಃಖದಲ್ಲಿದ್ರಿ ಅಂತ ಬರೀತೀನಿ. ಅದಂತೂ ಸುಳ್ಳಲ್ಲವಲ್ಲ. ನಿಮ್ಮನ್ನ ಅಷ್ಟು ಬೇಗ ಕೆಲಸಕ್ಕೆ ಬರೋಕೆ ಬಿಟ್ಟದ್ದು ನಮ್ಮದೂ ತಪ್ಪು."

ಚೀಲದಮ್ಮ ನಿಂತೇ ಇದ್ದಳು. ಕುರ್ಚಿ ತೋರಿಸಿದರೂ ಕುಳಿತಿರಲಿಲ್ಲ. "ಸತ್ತವರ ಮೇಲೆ ನನ್ನ ತಪ್ಪು ಹಾಕ್ಬೇಡಿ ಮೇಡಂ. ಅವರು ಬದುಕಿದ್ದಾಗಲೂ ಅವರ ಮೇಲೆ ಸಾಕಷ್ಟು ಹಾಕಿದ್ದೀನಿ. ಮಗೂನ ಹಲಗೆ ನೆಲದ ಮೇಲೆ ಕೂರಿಸಿ ಪರೀಕ್ಷೆ ಮಾಡಿದೆ, ಕ್ರಮ ಬಿಟ್ಟೆ, ಅಷ್ಟೇ ಬರೀರಿ."

"ಮೇಲಿನವರು ಕೇಳಿದ್ರೆ ನಿಮ್ಮ ಮನೆಭೇಟಿ ನಿಲ್ಲಿಸಬಹುದು."

"ನಿಲ್ಲಿಸ್ಲಿ. ಈಗ ಗಂಟೆ ಎಷ್ಟು?"

ನಾಲ್ಕೂಕಾಲು. ಮೇಲ್ವಿಚಾರಕಿ ಇಪ್ಪತ್ತೊಂದನೆಯ ಸಾಲು ಎಳೆದು, ಫಾರ್ಮು ಕೊಟ್ಟಳು. "ತಂದೆ ಇಲ್ಲಾಂದ್ರೆ ತಾಯಿ ಸಹಿ ಬೇಕು. ಆರು ಗಂಟೆ ಅಂದ್ರೆ ಆರೇ."

ಬೀದಿಯಲ್ಲಿ ಸಂತೆಯಿಂದ ಮರಳುವವರ ಗದ್ದಲ. ಚೀಲದಮ್ಮ ಓಡುವ ವಯಸ್ಸಿನವಳಲ್ಲ. ಆದರೆ ಬರೀ ನಡೆಯಲೂ ತಾಳ್ಮೆಯಿಲ್ಲದೆ ಎರಡರ ನಡುವೆ ಏನೋ ಮಾಡುತ್ತ ಸಾಗಿದಳು. ಎದುರು ಬಂದವರಿಬ್ಬರು ಮಾತಾಡಿಸಿದರು. ಏನು ಉತ್ತರ ಕೊಟ್ಟಳೋ ಆಕೆಗೇ ತಿಳಿಯದು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಎಂಟು ತಿಂಗಳು, ಎಂಟು ತಿಂಗಳು ಎಂದೇ ಬಡಿದುಕೊಳ್ಳುತ್ತಿತ್ತು. ವಾರಕ್ಕೊಂದರಂತೆ ಮೂವತ್ತಕ್ಕೂ ಹೆಚ್ಚು ಬಾರಿ ಆ ಮನೆಯ ಮೆಟ್ಟಿಲು ಹತ್ತಿದ್ದಾಳೆ. ಹಾಡು ಹೇಳಿಕೊಟ್ಟಿದ್ದಾಳೆ. ಚಿತ್ರ ತೋರಿಸಿ ಕಥೆ ಹೇಳಿದ್ದಾಳೆ. ಯಾರಿಗೆ ಹೇಳಿದಳು? ದೇವರೇ, ನಾನು ಯಾರಿಗೆ ಹಾಡಿದೆ?

ಬಡಗಿಯ ಕಾರ್ಖಾನೆಯಲ್ಲಿ ಗರಗಸ ಓಡುತ್ತಿತ್ತು. ಮರದ ಪುಡಿಯಲ್ಲಿ ಹುಬ್ಬೆಲ್ಲ ಬೆಳ್ಳಗಾಗಿದ್ದ ಅವನು ಕೈಯೆತ್ತಿ, "ಚೀಲದಮ್ಮ, ಇವತ್ತು ಶನಿವಾರ, ನಮ್ಮದು ಮಂಗಳವಾರ. ದಿನ ಮರೆತ್ರೋ, ನಮ್ಮ ಮನೆ ಕಾಫಿ ನೆನಪಾಯ್ತೋ?" ಎಂದು ಕೂಗಿದ.

"ಮೇಲೆ ಬನ್ನಿ. ಗರಗಸ ನಿಲ್ಲಿಸಿ ಬನ್ನಿ."

ಆಕೆಯ ದನಿಯಲ್ಲಿ ಏನಿತ್ತೋ, ಅವನು ಕೈ ಒರೆಸಿಕೊಳ್ಳದೆಯೇ ಹಿಂದೆ ಬಂದ.

ಮೇಲೆ ಗುಬ್ಬಿ ಕಿಟಕಿಯ ಕೆಳಗೆ ಬೆನ್ನು ತಿರುಗಿಸಿ ಕುಳಿತಿದ್ದಳು. ಬಡಗಿಯ ತಾಯಿ ಕುರ್ಚಿಯಲ್ಲಿದ್ದಳು. ಮಂಡಿನೋವಿನ ಮುದುಕಿ, ಕೈಯಲ್ಲಿ ಸದಾ ಕೋಲು. "ಏ ಗುಬ್ಬಿ, ನೋಡೇ, ನಿನ್ನ ಗೆಳತಿ ಬಂದ್ಲು" ಎನ್ನುತ್ತ ಕೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟಿದಳು. ಗುಬ್ಬಿ ತಟ್ಟನೆ ತಿರುಗಿ, ಹಲ್ಲು ತೋರಿಸಿ ನಕ್ಕಳು.

ಚೀಲದಮ್ಮ ಮಗುವನ್ನು ನೋಡಲಿಲ್ಲ, ಕೋಲನ್ನು ನೋಡಿದಳು. ಈ ಮನೆಯಲ್ಲಿ ಗುಬ್ಬಿಯನ್ನು ಯಾರು ಕರೆದರೂ ಹೀಗೇ ಕರೆಯುತ್ತಿದ್ದರೆಂಬುದು ಈಗ ನೆನಪಾಯಿತು. ಅಜ್ಜಿ ಕೋಲು ಕುಟ್ಟುತ್ತಾಳೆ. ಅಪ್ಪ ಹಿಮ್ಮಡಿ ತಟ್ಟುತ್ತಾನೆ. ತಾಯಿ ಹೊಲಿಯುತ್ತ ಕಾಲಿನಿಂದ ಸದ್ದು ಮಾಡುತ್ತಾಳೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಕರೆದರೆ ತಿರುಗದ ಮಗು ಕುಟ್ಟಿದರೆ ತಿರುಗುತ್ತದೆಂದು ಮೂವರ ಕೈಕಾಲುಗಳೂ ತಾವಾಗಿ ಕಲಿತುಕೊಂಡಿದ್ದವು.

ಗೋಡೆಯ ಮೇಲೆ ಒಂಬತ್ತನೆಯ ತಿಂಗಳ ಹಾಳೆಯ ಪ್ರತಿ ಇತ್ತು. ಬಡಗಿ ಅದಕ್ಕೆ ತೇಗದ ಕಟ್ಟು ಹಾಕಿ, ಗಾಜು ಕೂರಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದ. ಹನ್ನೆರಡಕ್ಕೆ ಹನ್ನೆರಡೂ ಸರಿ. "ನಮ್ಮ ವಂಶದಲ್ಲಿ ಎಲ್ಲದರಲ್ಲೂ ಪಾಸಾದವಳು ಇವಳೊಬ್ಬಳೇ" ಎನ್ನುತ್ತಿದ್ದ.

"ಆ ಹಾಳೇಲಿ ಒಂದು ತಪ್ಪಿದೆ" ಎಂದಳು ಚೀಲದಮ್ಮ. "ಏಳನೇದು. ನಾನು ಸರಿಯಾಗಿ ನೋಡದೆ ಹಾಕಿದ್ದು. ಗುಬ್ಬಿಗೆ ಕಿವಿ ಕೇಳಿಸೋ ಹಾಗೆ ಕಾಣ್ತಿಲ್ಲ."

ಹೊಲಿಗೆ ಯಂತ್ರ ನಿಂತಿತು.

ಮೊದಲು ಮಾತಾಡಿದವಳು ಮುದುಕಿ. "ಏನಮ್ಮ ನೀನು, ಈಗಷ್ಟೇ ಕರೆದೆ, ತಿರುಗಿದ್ಲು. ನೀನೇ ನೋಡ್ದೆ. ಇವನೂ ಮೂರು ವರ್ಷದವರೆಗೂ ಬಾಯಿ ಬಿಟ್ಟಿರ್ಲಿಲ್ಲ. ಆಮೇಲೆ ಬಾಯಿ ಬಿಟ್ಟವನು ಇವತ್ತಿನವರೆಗೂ ಮುಚ್ಚಿಲ್ಲ."

"ಕೋಲು ಕುಟ್ಟಿದ್ದಕ್ಕೆ ತಿರುಗಿದ್ಲು, ಅಮ್ಮ. ಹಲಗೆ ಅದುರಿತು, ಅದು ಅವಳಿಗೆ ಗೊತ್ತಾಯ್ತು."

"ಅದೇನು ಹೊಸ ಕಥೆ?" ಎಂದ ಬಡಗಿ. ಅವನ ಮುಖದಲ್ಲಿನ್ನೂ ಅರ್ಧ ನಗುವಿತ್ತು. "ನೀವೇ ಬರೆದದ್ದಲ್ವಾ ಅದು? ನಿಮ್ಮ ಸಹಿ ಇದೆ ಕೆಳಗೆ."

"ನನ್ನದೇ ಸಹಿ. ಅದಕ್ಕೇ ನಾನೇ ಬಂದೆ. ನನ್ನ ಮಾತು ನಂಬಬೇಡಿ, ನೀವೇ ನೋಡಿ."

ಮಂಚದ ಮೇಲೆ ದಪ್ಪ ಹತ್ತಿಯ ಹಾಸಿಗೆಯಿತ್ತು. ಚೀಲದಮ್ಮ ತಾಯಿಯನ್ನು ಅದರ ನಡುವೆ ಕೂರಿಸಿ, ಗುಬ್ಬಿಯನ್ನು ಅವಳ ಮಡಿಲಲ್ಲಿ ಗೋಡೆಗೆ ಮುಖ ಮಾಡಿ ಇಟ್ಟು, ಕೈಗೊಂದು ಚಮಚ ಕೊಟ್ಟಳು. ಬಡಗಿಗೆ ಹಿಂದೆ ನಿಲ್ಲಲು ಹೇಳಿದಳು. "ಹೆಜ್ಜೆ ಅಲ್ಲಾಡಿಸ್ಬೇಡಿ. ಮಂಚ ಮುಟ್ಟಬೇಡಿ. ಬರೀ ಬಾಯಲ್ಲಿ ಕರೀರಿ."

"ಗುಬ್ಬಿ" ಎಂದ ಬಡಗಿ.

ಗುಬ್ಬಿ ಚಮಚ ಕಚ್ಚಿದಳು.

"ಗುಬ್ಬೀ. ಅಪ್ಪ ಇಲ್ಲಿದ್ದೀನಿ ನೋಡು."

ಗುಬ್ಬಿ ಚಮಚವನ್ನು ತಿರುಗಿಸಿ, ಅದರ ಬೆನ್ನಿನಲ್ಲಿ ತನ್ನ ಮುಖ ನೋಡಿದಳು. ಬಡಗಿ ಗಂಟಲು ಸರಿಮಾಡಿಕೊಂಡ. ಗರಗಸದ ಸದ್ದಿನ ಮೇಲೆ ಕೆಲಸದವರನ್ನು ಕರೆಯುವ ದನಿಯಲ್ಲಿ ಈ ಸಲ ಕರೆದ. ಎದುರು ಮನೆಯ ಕಿಟಕಿ ತೆರೆದು ಒಬ್ಬ ಹೆಂಗಸು, "ಏನಾಯ್ತು, ಮಗು ಬಿತ್ತಾ?" ಎಂದು ಕೇಳಿದಳು. ಮಡಿಲಲ್ಲಿದ್ದ ಮಗು ಆರಾಮವಾಗಿ ಚಮಚ ಚೀಪುತ್ತಿತ್ತು.

ಬಡಗಿ ಮತ್ತೆ ಕರೆಯಲಿಲ್ಲ. ಅವನ ಅರ್ಧ ನಗು ಎಲ್ಲಿ ಹೋಯಿತೋ. "ಎಂಟು ತಿಂಗಳು" ಎಂದ. "ಪ್ರತಿ ಮಂಗಳವಾರ ಬಂದು ಇಲ್ಲಿ ಕೂತು, ನಮಗೆ ಬುದ್ಧಿ ಹೇಳಿ ಹೋದ್ರಿ. ಮಗು ಹತ್ರ ಹೀಗೆ ಮಾತಾಡಿ, ಹಾಗೆ ಮಾತಾಡಿ ಅಂತ. ನಾನು ದಡ್ಡ. ನಿಮ್ಮ ಕಾಗದಕ್ಕೆ ಗಾಜು ಹಾಕಿ ಗೋಡೆಗೆ ಹೊಡೆದೆ."

"ದಡ್ಡತನ ನಿಮ್ಮದಲ್ಲ."

"ಮತ್ತೆ ಯಾರ್ದು? ಬಾಯಿ ಬಿಟ್ಟು ಹೇಳಿ."

"ನನ್ನದು. ಮಡಿಲಲ್ಲಿ ಕೂರಿಸಿ ನೋಡ್ಬೇಕಾಗಿತ್ತು. ನೆಲದ ಮೇಲೆ ನೋಡಿದೆ. ಸೋಮವಾರ ಕಿವಿ ನೋಡುವ ವ್ಯಾನ್ ಬರುತ್ತೆ. ಈಗ ಬಿಟ್ರೆ ಐದು ತಿಂಗಳು. ಸಹಿ ಹಾಕಿ. ಆಮೇಲೆ ನನಗೆ ಏನು ಅಂತೀರೋ ಅನ್ನಿ."

"ನಿಮ್ಮ ಕಾಗದಕ್ಕೆ ನಾನು ಇನ್ನೊಂದು ಸಲ ಸಹಿ ಹಾಕ್ಬೇಕಾ?" ಅವನು ಹೋಗಿ ಗೋಡೆಯ ಕಟ್ಟನ್ನು ಮೊಳೆಯಿಂದ ಕಿತ್ತ. ಎಸೆಯುತ್ತಾನೆಂದು ಮುದುಕಿ ಮಗುವಿನ ಕಡೆ ಕೈ ಚಾಚಿದಳು. ಎಸೆಯಲಿಲ್ಲ. ಗೋಡೆಗೆ ಮುಖ ಮಾಡಿ ನೆಲದಲ್ಲಿ ಇಟ್ಟ. "ನಾನೇ ಯಾವುದಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ನಿಮ್ಮ ಕೇಂದ್ರದ ಸಹವಾಸವೇ ಬೇಡ. ಇಳೀರಿ ಕೆಳಗೆ."

ಚೀಲದಮ್ಮ ಇಳಿಯಲಿಲ್ಲ. ಗೋಡೆಯ ಗಡಿಯಾರದಲ್ಲಿ ಐದು ಹೊಡೆಯಲು ಎಂಟು ನಿಮಿಷವಿತ್ತು. ಆಸ್ಪತ್ರೆಯಲ್ಲಿ ಸರದಿ ಬರಲು ಎಷ್ಟು ತಿಂಗಳು ಬೇಕೆಂದು ಆಕೆಗೆ ಗೊತ್ತು. ಅದನ್ನು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮಂಚದ ಮೇಲಿಂದ ತಾಯಿ ಮಾತಾಡಿದಳು. ಅವಳು ಮಗುವಿನ ತಲೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕುಳಿತಿದ್ದಳು.

"ನಾನು ಕೇಳಿದ್ದೆ."

"ಏನು ಕೇಳಿದ್ದೆ?" ಎಂದ ಬಡಗಿ.

"ಅಕ್ಕನ್ನ ಕೇಳಿದ್ದೆ. ಮೊದಲು ಬಾ ಬಾ, ಮಾ ಮಾ ಅಂತಿದ್ಲು. ಆಮೇಲೆ ಅದೂ ನಿಂತುಹೋಯ್ತು. ವರ್ಷ ತುಂಬಿದಾಗ ಕೇಳ್ದೆ, ಯಾಕಕ್ಕ ಹೀಗೆ ಅಂತ. ಬೇರೆ ಮಕ್ಕಳ ಜೊತೆ ಹೋಲಿಸ್ಬೇಡ, ನಾನೇ ನೋಡಿದ್ದೀನಲ್ಲ ಅಂದ್ರು. ನನಗೆ ಒಳಗೊಳಗೇ ಅನುಮಾನ ಇತ್ತು. ಅವರು ಸರಿ ಅಂದ್ರು, ಸುಮ್ಮನಾದೆ. ಸುಮ್ಮನಾಗೋದು ಸುಲಭ ಅನ್ನಿಸ್ತು."

ಚೀಲದಮ್ಮನಿಗೆ ಆ ಮಾತು ನೆನಪಿರಲಿಲ್ಲ. ಈಗ ನೆನಪಾಯಿತು. ಆ ದಿನ ತಾನು ಅವಳ ಬೆನ್ನು ತಟ್ಟಿ ನಕ್ಕಿದ್ದೂ ನೆನಪಾಯಿತು. ತಲೆ ತಾನಾಗಿ ತಗ್ಗಿತು. ಏಳನೆಯ ಪ್ರಶ್ನೆಗಿಂತ ಇದು ದೊಡ್ಡದೆಂದು ಆಕೆಗೆ ತಿಳಿಯಿತು. ಆಗ ದುಃಖದ ನೆಪವಾದರೂ ಇತ್ತು. ಇದಕ್ಕೆ ಯಾವ ನೆಪವೂ ಇರಲಿಲ್ಲ. ತನ್ನ ಹತ್ತೊಂಬತ್ತು ವರ್ಷದ ಹೆಸರನ್ನು ನಂಬಿ, ಹೆತ್ತವಳ ಕಣ್ಣನ್ನು ನಂಬದೆ ಹೋಗಿದ್ದಳು.

"ಹೌದು. ಅಂದಿದ್ದೆ" ಎಂದಳು.

ತಾಯಿ ಗುಬ್ಬಿಯನ್ನು ಅತ್ತೆಯ ತೊಡೆಗೆ ಕೊಟ್ಟು ಮಂಚದಿಂದಿಳಿದಳು. "ಪೆನ್ನು ಕೊಡಿ."

"ಏ, ನಾನು ಹೇಳ್ತಾ ಇದ್ದೀನಿ" ಎಂದ ಬಡಗಿ.

"ನೀವು ಹೇಳ್ತಾ ಇರಿ. ನನಗೆ ಇನ್ನೊಂದು ಸಲ ಸುಮ್ಮನಾಗೋಕೆ ಆಗಲ್ಲ." ಹೊಲಿಗೆ ಯಂತ್ರದ ಹಲಗೆಯ ಮೇಲೆ ಫಾರ್ಮು ಇಟ್ಟು, ಸಾಲು ಸಾಲಾಗಿ ಓದಿ, ಸಹಿ ಹಾಕಿದಳು. ಅದನ್ನು ಚೀಲದಮ್ಮನ ಕೈಗೆ ಕೊಡುವಾಗ ಮುಖ ನೋಡಲಿಲ್ಲ. "ಮಂಗಳವಾರ ಬೇರೆ ಯಾರನ್ನಾದ್ರೂ ಕಳಿಸಿ ಅಕ್ಕ."

"ಕಳಿಸ್ತೀನಮ್ಮ."

ಆರಕ್ಕೆ ಹತ್ತು ನಿಮಿಷವಿರುವಾಗ ಇಪ್ಪತ್ತೊಂದನೆಯ ಹೆಸರು ಪಟ್ಟಿ ಸೇರಿತು.

ಭಾನುವಾರ ಚೀಲದಮ್ಮನಿಗೆ ಕುಳಿತಲ್ಲಿ ಕುಳಿತುಕೊಳ್ಳಲಾಗಲಿಲ್ಲ. ಒಲೆ ಹಚ್ಚಿದಳು, ಆರಿಸಿದಳು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಪ್ರಾರ್ಥನೆಗೆ ಕುಳಿತರೆ ಬಾಯಿಪಾಠವಾಗಿದ್ದ ಸಾಲುಗಳು ಅರ್ಧಕ್ಕೇ ನಿಂತವು. ದೇವರೇ, ನನ್ನನ್ನು ಕ್ಷಮಿಸು ಎಂದು ಕೇಳಲು ಹೋಗಿ, ಅದು ತನ್ನ ಬಗ್ಗೆ ಕೇಳಿಕೊಂಡಂತಾಯಿತೆಂದು ನಾಚಿ, ಮಗುವಿಗೆ ಸ್ವಲ್ಪವಾದರೂ ಕೇಳಿಸಲಿ ಎಂದು ಕೇಳಿದಳು. ಗಂಡನಿದ್ದಿದ್ದರೆ, "ಸಾಕು ಮಾಡು, ನಿನ್ನ ತಿರುಗಾಟದಲ್ಲಿ ನನಗೆ ತಲೆ ತಿರುಗ್ತಿದೆ" ಎನ್ನುತ್ತಿದ್ದರು. ಹಾಗೆ ಅನ್ನುವವರು ಯಾರೂ ಇಲ್ಲದ್ದರಿಂದ ತಿರುಗುತ್ತಲೇ ಇದ್ದಳು.

ಮಧ್ಯಾಹ್ನ ಹಳೆಯ ಡೈರಿ ತೆಗೆದಳು. ಆಗ ಕೆಲಸಕ್ಕೆ ಮರಳಿದ ಮೊದಲ ತಿಂಗಳಲ್ಲಿ ಗಿಲಕಿ ಪರೀಕ್ಷೆ ಮಾಡಿದ ಮಕ್ಕಳು ಎಂಟು. ಗುಬ್ಬಿಯನ್ನು ಬಿಟ್ಟರೆ ಏಳು. ಒಂದೊಂದು ಮನೆಯನ್ನೂ ನೆನೆದಳು: ಯಾರು ಮಡಿಲಲ್ಲಿದ್ದರು, ಯಾರು ನೆಲದಲ್ಲಿದ್ದರು? ಒಂದೂ ನೆನಪಾಗಲಿಲ್ಲ.

ಸೋಮವಾರ ವ್ಯಾನು ಕೇಂದ್ರದ ಅಂಗಳದಲ್ಲಿ ನಿಂತಿತು. ಬಡಗಿ ಬರುತ್ತಾನೋ ಇಲ್ಲವೋ ಎಂದು ಚೀಲದಮ್ಮ ಗೇಟಿನ ಬಳಿ ಮುಳ್ಳಿನ ಮೇಲೆ ನಿಂತಂತೆ ನಿಂತಿದ್ದಳು. ಹತ್ತೂವರೆಗೆ ಗಂಡ, ಹೆಂಡತಿ, ಮಗು ಮೂವರೂ ಬಂದರು. ಬಡಗಿ ಮಗುವನ್ನೆತ್ತಿಕೊಂಡಿದ್ದ, ಆಕೆಯನ್ನು ಕಂಡೂ ಕಾಣದವನಂತೆ ಮುಂದೆ ಹೋದ. ಒಳಗೆ ನಲವತ್ತು ನಿಮಿಷ. ಆಕೆ ಅಂಗಳದ ಈ ಗೋಡೆಯಿಂದ ಆ ಗೋಡೆಗೆ ನಡೆದಳು.

ಮೊದಲು ಹೊರಗೆ ಬಂದವನು ಬಡಗಿ. ನೇರವಾಗಿ ಆಕೆಯ ಎದುರಿಗೆ ಬಂದು ನಿಂತ.

"ಎರಡೂ ಕಿವೀಲಿ ತೀರ ಕಡಿಮೆಯಂತೆ. ಮೂರು ವಾರದಲ್ಲಿ ಕಿವಿಗೆ ಯಂತ್ರ ಹಾಕ್ತಾರಂತೆ. ಅದರಿಂದ ಎಷ್ಟು ಕೇಳಿಸುತ್ತೆ ಅಂತ ಹಾಕಿದ ಮೇಲೇ ಗೊತ್ತಾಗೋದಂತೆ. ಸಾಲದಿದ್ರೆ ಆಪರೇಷನ್ನು. ಒಂಬತ್ತು ತಿಂಗಳಲ್ಲೇ ಬಂದಿದ್ರೆ ಚೆನ್ನಾಗಿತ್ತು ಅಂದ್ರು."

"ಹೌದು" ಎಂದಳು ಚೀಲದಮ್ಮ.

"ಇನ್ನೂ ಐದು ತಿಂಗಳು ಬಿಟ್ಟು ಬಂದಿದ್ರೆ ತುಂಬ ಕಷ್ಟ ಆಗ್ತಿತ್ತು ಅಂತಾನೂ ಅಂದ್ರು." ಅವನು ಉಗುರಿನ ಸಂದಿಯ ಮರದ ಪುಡಿಯನ್ನು ಕೆರೆದು ತೆಗೆದ. "ಒಂದು ಕೇಳ್ಬೇಕಿತ್ತು. ಅವರನ್ನ ಕೇಳೋಕೆ ನಾಚಿಕೆ ಆಯ್ತು. ಅಮ್ಮ ಕೋಲು ಕುಟ್ಟೋದನ್ನ, ನಾವು ಕಾಲು ಬಡಿಯೋದನ್ನ ನಿಲ್ಲಿಸ್ಬೇಕಾ? ನಿನ್ನೆಯಿಂದ ಯಾರೂ ಕುಟ್ಟಿಲ್ಲ. ಮಗು ಎಲ್ಲರ ಮುಖ ನೋಡ್ಕೊಂಡು ಅಳ್ತಾ ಇದೆ."

"ನಿಲ್ಲಿಸ್ಬೇಡಿ. ನೀವು ಕರೀತಿದ್ದೀರಿ ಅಂತ ಅವಳಿಗೆ ಗೊತ್ತಾಗೋದು ಅದರಿಂದಲೇ. ಕುಟ್ಟಿ. ತಿರುಗಿದ ಮೇಲೆ ಹತ್ರ ಹೋಗಿ, ಬೆಳಕಿಗೆ ಮುಖ ಮಾಡಿ ಕೂತು ಮಾತಾಡಿ. ಕೈಯಲ್ಲೂ ತೋರಿಸಿ. ಕುಟ್ಟಿ ಸುಮ್ಮನಾಗ್ಬೇಡಿ, ಅಷ್ಟೇ."

ಬಡಗಿ ತಲೆಯಾಡಿಸಿದ. "ನಿಮ್ಮನ್ನ ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡಿ."

"ತಿಳ್ಕೊಳ್ಳಲ್ಲ."

ಅವನು ಹೊರಟು ಹೋದ. ವ್ಯಾನಿನ ಮೆಟ್ಟಿಲಿಳಿಯುತ್ತಿದ್ದ ತಾಯಿಯ ಹೆಗಲ ಮೇಲಿಂದ ಗುಬ್ಬಿ ಚೀಲದಮ್ಮನ ಕಡೆ ಕೈ ಚಾಚಿದಳು. ತಾಯಿ ನಿಲ್ಲಲಿಲ್ಲ. ಚೀಲದಮ್ಮನೂ ಹತ್ತಿರ ಹೋಗಲಿಲ್ಲ.

ಮೇಲಿನವರು ಏನು ತೀರ್ಮಾನಿಸುತ್ತಾರೋ ಎಂದು ಕಾಯುವಷ್ಟು ಸಮಾಧಾನ ಆಕೆಗಿರಲಿಲ್ಲ. ಮೇಲ್ವಿಚಾರಕಿಗೆ ಏಳು ಮನೆಗಳ ಪಟ್ಟಿ ತೋರಿಸಿ, ಒಪ್ಪಿಗೆ ಪಡೆದು, ಚೀಲ ಹೆಗಲಿಗೇರಿಸಿ ನಡೆದಳು. ಮೊದಲನೆಯದು ಕ್ಷೌರಿಕನ ಮನೆ. ಬಾಗಿಲು ತೆರೆದ ಹೆಂಡತಿ ಕೈಯಲ್ಲಿ ಪೊರಕೆ ಹಿಡಿದಿದ್ದಳು.

"ಇವತ್ತು ಯಾಕೆ ಬಂದ್ರಿ ಚೀಲದಮ್ಮ? ನಮ್ಮದು ಗುರುವಾರ ಅಲ್ವಾ? ಮನೆ ನೋಡಿದ್ರೆ ಹೀಗಿದೆ. ಇವನು ಈಗಷ್ಟೇ ಅನ್ನವೆಲ್ಲ ತಲೆಗೆ ಮೆತ್ಕೊಂಡಿದ್ದಾನೆ."

"ಇರ್ಲಿ. ಅವನ್ನ ಹಾಗೇ ಎತ್ಕೊಂಡು ಹಾಸಿಗೆ ಮೇಲೆ ಕೂತ್ಕೋ, ತಾಯಿ" ಎಂದಳು ಚೀಲದಮ್ಮ. ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತಳು. "ಆಗ ಇವನ ಕಿವಿ ಪರೀಕ್ಷೆ ಮಾಡ್ದಾಗ ನಾನು ಸರಿಯಾಗಿ ನೋಡಿದ್ದೆನೋ ಇಲ್ಲವೋ ನನಗೇ ನಂಬಿಕೆ ಇಲ್ಲ. ಇವತ್ತು ಮತ್ತೆ ನೋಡ್ತೀನಿ. ಅದಕ್ಕೂ ಮುಂಚೆ ಒಂದು ಹೇಳು. ಇವನ ವಿಷಯದಲ್ಲಿ ನಿನಗೆ ಯಾವತ್ತಾದ್ರೂ ಅನುಮಾನ ಬಂದಿತ್ತಾ? ನಾನು ಏನು ಅಂದಿದ್ದೆ ಅನ್ನೋದನ್ನ ಬಿಡು. ನಿನಗೆ ಏನನ್ನಿಸ್ತು, ಅದನ್ನ ಹೇಳು."